ಓರ್ಟೆನ್ಸಿಯಾಳಿಂದ ಇನ್ನೂರು ಮೀಟರ್ ಪೂರ್ವಕ್ಕೆ

ಲಾ ಫೋರ್ಚುನಾ,
ಜೂನ್ ೧೯, ಗುರುವಾರ ಬೆಳಗ್ಗೆ

ಪ್ರೀತಿಯ ಫ್ಲೋರಿ,

ಹೇಗಿದ್ದೀಯ? ನಿಮ್ಮಕ್ಕ ಮರಿಟ್ಸಾಳ ಮಂಡಿ ಈಗ ಎಷ್ಟು ಮಡಚುತ್ತದೆ? ಆಪರೇಷನ್ ಆದವಳು ಕೋಲು ಬಿಟ್ಟು ಮಾರ್ಕೆಟ್ಟಿಗೆ ಹೋಗಿಬರುತ್ತಿದ್ದಾಳೆಂದು ನಿಕೋಯಾ ಕಡೆಯಿಂದ ಬಂದ ಲಾರಿಯವನು ಹೇಳಿದ. ಬಹಳ ಸಂತೋಷ. ಮಾರ್ಕೆಟ್ಟಿಗೆ ಹೋಗಿಬರುವ ಮಂಡಿಗೆ ಇನ್ನೂ ಆರೈಕೆ ಬೇಕೇ ಎಂದು ನಾನು ಕೇಳುತ್ತಿಲ್ಲ, ಸುಮ್ಮನೆ ಬರೆದೆ. ಅಲ್ಲಿಯ ಸೆಕೆಯಲ್ಲಿ ನಿನ್ನ ಬಿ.ಪಿ. ಮಾತ್ರೆ ತಪ್ಪಿಸಬೇಡ. ನಾನು ಚೆನ್ನಾಗಿದ್ದೇನೆ, ಅಂದರೆ ಬೆಲ್ಟಿಗೆ ಹೊಸದೊಂದು ತೂತು ಹಾಕಿಸಿದ್ದೇನೆ, ಒಳಗಡೆಗೆ. ಕೋಳಿಗಳು ನೀನಿಲ್ಲದ್ದನ್ನು ತಿಳಿದುಕೊಂಡು ಪಕ್ಕದ ಮನೆಯಲ್ಲಿ ಮೊಟ್ಟೆ ಇಡುತ್ತಿವೆ. ಫೋನ್ ಬಿಟ್ಟು ಕಾಗದ ಯಾಕೆ ಎನ್ನುತ್ತೀಯಾ? ಫೋನಿನಲ್ಲಿ ನಾನು ಮಾತಿಗೆ ಶುರುಮಾಡಿದರೆ ನೀನು ಇಟ್ಟುಬಿಡುತ್ತೀಯ. ಕಾಗದವನ್ನು ಕೊನೆಯವರೆಗೆ ಓದದೆ ಬಿಡುವ ಹೆಂಗಸಲ್ಲ ನೀನು, ಅದು ನನಗೆ ಗೊತ್ತು.

ಈಸ್ಟರ್ ಮುಗಿದ ಮಾರನೆಯ ದಿನ ನೀನು ಬಾಗಿಲಲ್ಲಿ ನಿಂತು ಹೇಳಿದ ಮಾತು ಇನ್ನೂ ಅಲ್ಲೇ ನಿಂತಿದೆ. "ಸತ್ತವಳಿಂದ ಇನ್ನೂರು ಮೀಟರ್ ಪೂರ್ವಕ್ಕೆ ನಾನು ಸಂಸಾರ ಮಾಡೋಲ್ಲ ಎಲಾದಿಯೊ. ನನ್ನ ಹೆಸರಿಗೂ ಒಂದು ಬಾಗಿಲು ಅಂತ ಆಗ್ಲಿ, ಆಮೇಲೆ ನೋಡೋಣ." ನಾನೇನು ಮಾಡಲಿ ಹೇಳು? ನಮ್ಮೂರಲ್ಲಿ ಮನೆಗೆ ನಂಬರಿಲ್ಲ, ಬೀದಿಗೆ ಹೆಸರಿದ್ದರೂ ಯಾರೂ ಹೇಳುವುದಿಲ್ಲ. ನನ್ನ ಮೊದಲ ಹೆಂಡತಿ ಓರ್ಟೆನ್ಸಿಯಾ ತೀರಿಕೊಂಡು, ಅವಳ ಊಟದ ಅಂಗಡಿಯ ಜಾಗದಲ್ಲಿ ಮೊಬೈಲ್ ರಿಪೇರಿಯವನು ಕೂತು ಎಷ್ಟೋ ಕಾಲವಾಯಿತು. ಆದರೂ ಗ್ಯಾಸಿನವನಿಂದ ಹಿಡಿದು ಪಾದ್ರಿಗಳವರೆಗೆ ಎಲ್ಲರಿಗೂ ನಮ್ಮ ಮನೆಯೆಂದರೆ 'ಓರ್ಟೆನ್ಸಿಯಾಳ ಅಂಗಡಿ ಇದ್ದಲ್ಲಿಂದ ಇನ್ನೂರು ಮೀಟರ್ ಪೂರ್ವಕ್ಕೆ'. ಕಣ್ಣೆದುರು ನಿಂತ ಬ್ಯಾಂಕನ್ನು ಇಲ್ಲಿ ಯಾರೂ ಗುರುತಾಗಿ ಹೇಳುವುದಿಲ್ಲ. ಕಡಿದುಹಾಕಿದ ಅತ್ತಿಮರ, ಮುಚ್ಚಿದ ಟಾಕೀಸು, ತೀರಿಹೋದ ದರ್ಜಿ, ಇವೇ ನಮ್ಮ ವಿಳಾಸ.

ಇರಲಿ, ವ್ಯಾಪಾರದ ಸುದ್ದಿಗೆ ಬರುತ್ತೇನೆ. ಈ ವಾರ ಊರು ತೋರಿಸಲು ನನ್ನ ವ್ಯಾನಿಗೆ ಸಿಕ್ಕವರು ಸ್ಪೇನಿನ ಗಂಡ-ಹೆಂಡತಿ, ಇಬ್ಬರೂ ನಿವೃತ್ತರು. ಹೆಂಡತಿ ಡೋನ್ಯಾ ಅಂಪಾರೊ ಗುಂಡಗೆ, ಗಿಡ್ಡಕ್ಕೆ, ಬಿಟ್ಟ ಬಾಣದ ಹಾಗೆ. ಗಂಡ ದೋನ್ ವಿಸೆಂತ್ ಉದ್ದಕ್ಕೆ ಇದ್ದಾರೆ. ಪ್ರತಿ ತಿರುವಿನಲ್ಲೂ ಮೇಲಿನ ಹಿಡಿ ಹಿಡಿದುಕೊಳ್ಳುತ್ತಾರೆ, ರಸ್ತೆ ನೆಟ್ಟಗಿರುವಾಗಲೂ ಬಿಡುವುದಿಲ್ಲ. ಮೊದಲ ದಿನ ಜಲಪಾತ. ಇಳಿಯುವಾಗ ಗಿರಾಕಿಗಳೆಲ್ಲ ನನ್ನನ್ನು ಹೊಗಳುತ್ತಾರೆ, ಮೆಟ್ಟಿಲು ಹತ್ತುವಾಗ ಯಾರಿಗೂ ಉಸಿರಿರುವುದಿಲ್ಲ; ಹಾಗಾಗಿ ಮುಂದಿನ ದಿನದ ಕಾರ್ಯಕ್ರಮವನ್ನು ನಾನು ಕೆಳಗೇ ಒಪ್ಪಿಸಿಬಿಡುತ್ತೇನೆ. ಮರುದಿನ ತೂಗುಸೇತುವೆ. ಅಲ್ಲಿ ಒಂದು ಸ್ಲಾತ್, ಅದೇ ನಮ್ಮ ಸೋಮಾರಿ ಪ್ರಾಣಿ, ಕೊಂಬೆಯಿಂದ ಇಳಿಯುತ್ತಿತ್ತು. ಒಂದು ಕಾಲು ಎತ್ತಿತು, ಯೋಚಿಸಿತು, ಮತ್ತೆ ಅಲ್ಲೇ ಇಟ್ಟಿತು. ಡೋನ್ಯಾ ಅಂಪಾರೊ ದುರ್ಬೀನು ನನ್ನ ಕೈಗೆ ಕೊಟ್ಟು, "ಇದನ್ನ ನೋಡೋಕೆ ಸಮುದ್ರ ದಾಟಿ ಬರ್ಬೇಕಿತ್ತಾ? ನಮ್ಮನೆಯವರು ಗಡ್ಡ ಹೆರಕೊಳ್ಳೋದು ನೋಡಿದ್ರೆ ಸಾಕಿತ್ತು" ಎಂದರು.

ತಂತಿಗೆ ಜೋತುಬಿದ್ದು ಕಣಿವೆ ದಾಟುವ ದಿನ ನಿಜವಾದ ತಮಾಷೆ. ಆಕೆ ಕೂಗಿಕೊಂಡು ಮೊದಲೇ ಹಾರಿಬಿಟ್ಟರು. ದೋನ್ ವಿಸೆಂತ್ ಅಟ್ಟಣಿಗೆಯ ಕಂಬ ತಬ್ಬಿಕೊಂಡು, "ಎಲಾದಿಯೊ, ಆ ಕಡೆಗೆ ಬಸ್ಸು ಇಲ್ವಾ?" ಎಂದು ಕೇಳಿದರು. ಬಸ್ಸಿಲ್ಲ ಎಂದೆ. ಬಹಳ ಹೊತ್ತು ಹಸಿರನ್ನೇ ನೋಡುತ್ತಿದ್ದರು. ಆಚೆ ದಡದಲ್ಲಿ ಆ ಗುಂಡು ಹೆಂಗಸು ಎರಡೂ ಕೈ ಬೀಸುತ್ತಿದ್ದರು. ಮನುಷ್ಯ ಕಣ್ಣು ಮುಚ್ಚಿಕೊಂಡು ಬಿಟ್ಟೇಬಿಟ್ಟರು. ಆಮೇಲೆ ಕಾಫಿ ಕುಡಿಯುವಾಗ, "ಧೈರ್ಯ ಅಲ್ಲ ಕಣಯ್ಯ, ಅವಳು ಆ ಕಡೆ ಇದ್ಳಲ್ಲ" ಎಂದರು. ನಾನು ಲೋಟ ತೊಳೆಯುವ ನೆಪದಲ್ಲಿ ಎದ್ದು ಹೋದೆ.

ಜ್ವಾಲಾಮುಖಿ ಎಂದಿನಂತೆ ಮೋಡದ ಹಿಂದೆ ಅವಿತಿತ್ತು. ದಿನವೂ ನಾನು 'ಊಟವಾದ ಮೇಲೆ ಮುಖ ತೋರಿಸುತ್ತದೆ' ಎನ್ನುವುದು, ಡೋನ್ಯಾ ಅಂಪಾರೊ 'ಯಾರ ಊಟ?' ಎನ್ನುವುದು, ಹೀಗೇ ನಡೆಯಿತು. ಕೊನೆಯ ದಿನ ದೋನ್ ವಿಸೆಂತ್ ಪೆಟ್ರೋಲ್ ಬಂಕಿನ ಶೌಚಾಲಯದಿಂದ ಹೊರಗೆ ಬರುವಾಗ ಬೆಟ್ಟ ತುದಿಯವರೆಗೆ ಬೆತ್ತಲಾಗಿ ನಿಂತಿತ್ತಂತೆ. ಆಕೆ ಒಳಗೆ ಚಿಪ್ಸ್ ಆರಿಸುತ್ತಿದ್ದರು. ಹೊರಗೆ ಬರುವಷ್ಟರಲ್ಲಿ ಮತ್ತೆ ಮೋಡ. ಅವತ್ತಿಡೀ ಗಂಡನ ಜೊತೆ ಮಾತಿಲ್ಲ.

ನಿನ್ನೆ ರಾತ್ರಿ ಅವರನ್ನು ನಮ್ಮನೆಗೇ ಊಟಕ್ಕೆ ಕರೆದಿದ್ದೆ. ಕಡುಬು ನಾನೇ ಮಾಡಿದೆ, ನಗಬೇಡ. ಬಾಳೆಲೆಯಲ್ಲಿ ಸುತ್ತಿ ಎರಡೆರಡು ಜೋಡಿಸಿ ದಾರ ಕಟ್ಟುವುದು ನಿನ್ನ ಕೈಯಲ್ಲಿ ಎಷ್ಟು ಸಲೀಸು! ನನ್ನವು ಪಾತ್ರೆಯೊಳಗೇ ಬಿಚ್ಚಿಕೊಂಡು ಅಂಬಲಿಯಾದವು. ಪುಣ್ಯಾತ್ಮರು ಚಮಚದಲ್ಲಿ ತಿಂದರು. ಇನ್ನೊಂದು ಮಾತು ಗಮನಿಸು: ದಾರಿ ಹೇಳುವಾಗ ನಾನು ಓರ್ಟೆನ್ಸಿಯಾಳ ಹೆಸರೇ ಎತ್ತಲಿಲ್ಲ. ಕೆಂಪು ಗೇಟು, ಬಿಳೀ ವ್ಯಾನು, ಎದುರಿಗೆ ಮಾವಿನಮರ ಎಂದು ಕಣ್ಣಿಗೆ ಕಾಣುವುದನ್ನಷ್ಟೇ ಹೇಳಿದ್ದೆ. ಇಂಥ ದಾರಿ ಹಿಡಿದು ನಮ್ಮೂರಲ್ಲಿ ಯಾರೂ ಯಾವ ಮನೆಯನ್ನೂ ಮುಟ್ಟಲಾರರು ಎಂಬ ಭಯವಿತ್ತು, ಆದರೂ ಸರಿಯಾದ ಹೊತ್ತಿಗೆ ಬಂದರು. ಡೋನ್ಯಾ ಅಂಪಾರೊ ಕೈಯಲ್ಲಿ ಬಿಳಿ ಹೂವಿನ ಗೊಂಚಲಿತ್ತು. ನಿನ್ನ ನೀಲಿ ಹೂಜಿಯಲ್ಲಿಟ್ಟಿದ್ದೇನೆ.

ಮರಿಟ್ಸಾಳಿಗೆ ನನ್ನ ನೆನಪು ಹೇಳು, ಮಂಡಿಗೆ ಬಿಸಿ ಎಣ್ಣೆ ಹಚ್ಚಲಿ. ದೇವಮಾತೆ ನಿನ್ನನ್ನು ತಂಪಾಗಿಟ್ಟಿರಲಿ, ಜೊತೆಗೆ ಸ್ವಲ್ಪ ಬೇಸರವನ್ನೂ ಕೊಡಲಿ.

ನಿನ್ನ
ಎಲಾದಿಯೊ

ಮರೆತ ಮಾತು: ಈ ಕಾಗದ ಒಯ್ಯುವ ಲಾರಿಯವನು ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಆ ಹೂವಿನ ವಿಷಯ. ಬಾಗಿಲು ತೆಗೆದ ಕೂಡಲೇ ಡೋನ್ಯಾ ಅಂಪಾರೊ ನನ್ನ ಎರಡೂ ಕೈ ಹಿಡಿದುಕೊಂಡು, "ಪಾಪ, ನಿಮ್ಮ ಫ್ಲೋರಿ ಯಾವಾಗ ತೀರಿಕೊಂಡ್ರು?" ಎಂದರು. ಅವರನ್ನು ಕರೆತಂದ ಟ್ಯಾಕ್ಸಿಯ ಮೊಂಚೊ, ಅವರು ಹೇಳಿದ ಕೆಂಪು ಗೇಟು, ಮಾವಿನಮರ ಎಲ್ಲ ಕೇಳಿಸಿಕೊಂಡು, "ಫ್ಲೋರಿ ಕಿಟಕಿ ಇದ್ದ ಮನೆ ಅನ್ನಿ ಮತ್ತೆ, ಇಷ್ಟು ಸುತ್ತಿ ಹೇಳ್ಬೇಕಾ?" ಎಂದನಂತೆ. ಇಲ್ಲಿ ಇಲ್ಲವಾದವರೇ ವಿಳಾಸ ಎಂದು ವ್ಯಾನಿನಲ್ಲಿ ನಾನೇ ಅವರಿಗೆ ಹೇಳಿದ್ದೆನಲ್ಲ. ಬೆಳಗ್ಗೆ ವಿಚಾರಿಸಿದೆ. ಗ್ಯಾಸಿನವನೂ ಹಾಗೇ ಹೇಳುತ್ತಾನೆ, ಪಾದ್ರಿಗಳೂ. ನೀನು ಶನಿವಾರ ಕಡುಬು ಮಾರುತ್ತಿದ್ದ ಕಿಟಕಿ ಮುಚ್ಚಿದ್ದೇ ಸಾಕಾಯಿತು, ಊರು ಓರ್ಟೆನ್ಸಿಯಾಳನ್ನು ಬಿಟ್ಟು ನಿನ್ನನ್ನು ಹಿಡಿದುಕೊಂಡಿದೆ. ಕೇಳಿದ್ದು ನಿನಗೆ ಸಿಕ್ಕಿತು ಫ್ಲೋರಿ, ಕಡಿದ ಮರ, ಸತ್ತ ದರ್ಜಿಯ ಸಾಲಿನಲ್ಲಿ. ನನಗದು ಬೇಡ. ಟ್ಯಾಕ್ಸಿ ಸ್ಟ್ಯಾಂಡಿಗೆ ಹೋಗಿ ಎಲ್ಲರೆದುರು ಕೂಗಿದೆ: "ಲೋ ಮೊಂಚೊ, ಅವಳು ಬದುಕಿದಾಳೆ ಮಾರಾಯ, ಶನಿವಾರ ಬರ್ತಾಳೆ!" ಆಗಲೇ ಅರ್ಧ ಊರು ಕಡುಬಿಗೆ ಹೇಳಿಹೋಗಿದೆ. ನೀನು ಬಂದು ಕಿಟಕಿ ತೆರೆದರೆ ವಿಳಾಸ ಮತ್ತೆ ಓರ್ಟೆನ್ಸಿಯಾಳದೇ ಆಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಅದು ಅವಳಿಗಿರಲಿ ಬಿಡು. ಬಾಳೆಲೆ ಕೊಯ್ದು, ಒರೆಸಿ, ಕಿಟಕಿಯ ಹತ್ತಿರ ಇಟ್ಟಿದ್ದೇನೆ. ದಾರ ಕಟ್ಟಲು ನನಗೆ ಬರುವುದಿಲ್ಲ.