ತಂಗಿ ಹಿಡಿದ ನಾಡಿ

ಅಮ್ಮಾ,

ನಾನು ಬರೆದುಕೊಟ್ಟ ಬಿಪಿ ಮಾತ್ರೆಯನ್ನು ತಂಗಿಗೆ ತೋರಿಸಿ, "ಇದು ಸರೀನಾ, ನೋಡೇ" ಅಂದೆಯಂತೆ. ನಾನು ಡಾಕ್ಟರಾಗಿ ಇಪ್ಪತ್ತು ವರ್ಷವಾಯಿತು. ಅವಳು ನಲವತ್ತು ದಾಟಿದ ಮೇಲೆ ಬ್ಯಾಂಕ್ ಕೆಲಸ ಬಿಟ್ಟು ಮೆಡಿಕಲ್ ಸೇರಿದ್ದಾಳೆ, ಇನ್ನೂ ಮೊದಲ ವರ್ಷ. ಹಿತ್ತಲ ಗಿಡ ಮದ್ದಲ್ಲ, ಒಪ್ಪಿದೆ. ಅವಳೂ ಅದೇ ಹಿತ್ತಲಿನ ಗಿಡ ತಾನೇ?

ದಿನಾ ಸಂಜೆ ನಿನ್ನ ನಾಡಿ ಹಿಡಿದು ಅಭ್ಯಾಸ ಮಾಡುತ್ತಾಳಂತೆ. "ಎಷ್ಟು ಹೊತ್ತು ಕೈ ಹಿಡ್ಕೊಂಡು ಕೂತಿರ್ತಾಳೆ ಗೊತ್ತಾ!" ಎಂದು ಫೋನಿನಲ್ಲಿ ನೀನೇ ಹೊಗಳಿದೆ. ಹೊಸಬರಿಗೆ ನಾಡಿ ಬೇಗ ಸಿಗುವುದಿಲ್ಲ, ಅಷ್ಟೇ. ನನಗೆ ಮುಟ್ಟಿದ ತಕ್ಷಣ ಸಿಗುತ್ತದೆ.

ಮಾತ್ರೆ ನಿಲ್ಲಿಸಬೇಡ. ಭಾನುವಾರ ಬರುತ್ತೇನೆ. ಏನಾದರೂ ನೆಪ ಹೇಳಿ ಅವಳನ್ನು ಅಂಗಡಿಗೆ ಕಳಿಸು. ನಾನೂ ನಿನ್ನ ನಾಡಿಯನ್ನು ನಿಧಾನವಾಗಿ ಹುಡುಕುತ್ತೇನೆ.

ನಿನ್ನ ದೊಡ್ಡವಳು