ನೆಕ್ಕಿ ಸೊಪ್ಪಿನ ಬಿಸಿನೀರು

ಜುಲೈ 3, ಬೆಳಿಗ್ಗೆ

ಮೈಗೆ ಎಣ್ಣೆ ಹಚ್ಚಿಯಾಯಿತು. ಹಂಡೆಗೆ ಮೈನೋವಿನ ಮದ್ದೆಂದು ನೆಕ್ಕಿ ಸೊಪ್ಪೂ ಬಿದ್ದಾಯಿತು. ಇನ್ನು ಅಮ್ಮ ಕರೆಯುತ್ತಾಳೆ. ಇಪ್ಪತ್ತಮೂರು ವರ್ಷದವನಿಗೆ ತಾಯಿ ನೀರು ಹೊಯ್ಯುವುದು — ಊರಿಗೆ ಗೊತ್ತಾಗದಿರಲಿ.

ಕಳೆದ ತಿಂಗಳು ಕೈಕಾಲು ಸೋತು ಮಣಿಪಾಲದ ಆಸ್ಪತ್ರೆ ಸೇರಿದ್ದೆ. ದಿನಾ ಬರೆ, ಬೆರಳಿಗೆ ಒಳ್ಳೆಯದು ಎಂದರು ಅಲ್ಲಿ ವ್ಯಾಯಾಮ ಮಾಡಿಸುವವರು. ಐದನೇ ಕ್ಲಾಸು ಬಿಟ್ಟ ಮೇಲೆ ಬರೆದದ್ದೇ ಇಲ್ಲ. ಬಲಗೈ ಇನ್ನೂ ಜೋಮು. ಪೆನ್ನು ಹಿಡಿದದ್ದು ಕಣ್ಣಿಗೆ ಕಾಣುತ್ತದೆ, ಬೆರಳಿಗೆ ಗೊತ್ತಾಗುವುದಿಲ್ಲ.

ಜುಲೈ 4

ತಂಗಿ ಧೃತಿ ಸ್ಕ್ಯಾನಿಂಗ್ ರಿಪೋರ್ಟ್ ಓದಿದಳು. ಮೆದುಳಿನಲ್ಲಿ ಕೆಲವು ‘ಲೀಷನ್’. ಕತ್ತಿನ ಹತ್ತಿರ ಬೆನ್ನುಹುರಿಯಲ್ಲಿ ಒಂದು.

"ಲೀಷನ್ ಅಂದ್ರೆ ಎಂತ?"

"ಗಾಯದ ಹಾಗೆ ಅಣ್ಣ. ಒಳಗೆ, ನರಕ್ಕೆ ಆದದ್ದು."

"ಒಳಗಿನ ಗಾಯಕ್ಕೆ ಶಾಖವೇ ಮದ್ದು," ಎಂದಳು ಅಮ್ಮ. ಎದ್ದು ಹೋಗಿ ಒಲೆಗೆ ತೆಂಗಿನ ಇನ್ನೊಂದು ಒಣ ಕೊತ್ತಳಿಗೆ ದೂಡಿದಳು.

ಜುಲೈ 8

ಕಿಟ್ಟಣ್ಣ ಬಂದಿದ್ದರು. ಮಲ್ಪೆಯಲ್ಲಿ ಅವರ ಬೋಟಿನ ಬಲೆ ಕಟ್ಟುವುದು ನನ್ನ ಕೆಲಸ. ಆಗಿತ್ತು...

"ಎಂತ ಯೋಗಿ, ಮದುಮಗನ ಹಾಗೆ ಎಣ್ಣೆ ಹಾಕಿ ಕೂತಿದ್ದಿ?"

ನಕ್ಕೆ.

"ಆಗಸ್ಟಿಗೆ ಮಳೆಗಾಲದ ಮೀನುಗಾರಿಕೆ ಬ್ಯಾನ್ ಮುಗೀತದೆ. ಬೋಟು ಇಳಿಸ್ಬೇಕು. ನಿನ್ನಿಂದ ಆಗೂದಿಲ್ಲ ಅಂದ್ರೆ ಬೇರೆ ಜನ ನೋಡ್ತೇನೆ. ಬೇಸರ ಮಾಡ್ಬೇಡ ಮಾರಾಯ."

ಆಗ್ತದೆ ಎಂದೆ. ಯಾವ ಧೈರ್ಯದಲ್ಲಿ ಹೇಳಿದೆನೋ. ಬೇರೆ ಕೆಲಸ ನನಗೆ ಬರುವುದಿಲ್ಲ.

ಜುಲೈ 12

ಮೊನ್ನೆಯೂ ಹೀಗಾಗಿತ್ತು, ಬರೆದಿರಲಿಲ್ಲ; ಇವತ್ತು ಮತ್ತೆ ಆಯಿತು. ಸ್ನಾನ ಮುಗಿಸಿ ಎದ್ದರೆ ಕಾಲಲ್ಲಿ ಬಲವೇ ಇಲ್ಲ. ಬಲಗಣ್ಣು ಮಂಜು. ಧೃತಿ ಹಿಡಿಯದಿದ್ದರೆ ಬೀಳುತ್ತಿದ್ದೆ. ಮಲಗಿದೆ. ಊಟದ ಹೊತ್ತಿಗೆ ಮೊದಲಿನ ಹಾಗೆ.

ರೋಗ ಏರುತ್ತಿದೆ ಎಂದು ಅಮ್ಮ. ನಾಳೆಯಿಂದ ನೀರು ಇನ್ನೂ ಬಿಸಿ. ಸಂಜೆಗೂ ಒಂದು ಸ್ನಾನ.

ನನಗೂ ಅದೇ ಹೆದರಿಕೆ.

ಜುಲೈ 19, ಸಂಜೆ

ಬರೆಯಲು ಮನಸ್ಸಿರಲಿಲ್ಲ.

ಇವತ್ತು ಮಣಿಪಾಲಕ್ಕೆ ಧೃತಿ ಜೊತೆ. ಡಾಕ್ಟರ್ ಪ್ರಣೀತಾ. ಸಣ್ಣ ಪ್ರಾಯ. ಕಾಲು ಯಾವಾಗ ಸೋಲುತ್ತದೆ ಎಂದು ಕೇಳಿದರು. ನೆಲ ನೋಡುತ್ತಾ, ಬೆಳಿಗ್ಗೆ, ಎಂದೆ.

"ಬೆಳಿಗ್ಗೆ ಎಂತ ಮಾಡುವಾಗ?"

ಹೆಂಗಸರ ಎದುರು ಹೇಗೆ ಹೇಳುವುದು? ಎದ್ದು ಹೋಗೋಣ ಅನ್ನಿಸಿತು. ಆದರೆ ಕಿಟ್ಟಣ್ಣ ಹೇಳಿದ ಬೇರೆ ಜನ... ಕಣ್ಣು ಮುಚ್ಚಿ ಹೇಳಿಬಿಟ್ಟೆ — "ಅಮ್ಮ ಸ್ನಾನ ಮಾಡಿಸಿದ ಮೇಲೆ."

ಧೃತಿ ಕಿಸಕ್ಕೆಂದಳು. ಡಾಕ್ಟರ್ ನಗಲಿಲ್ಲ.

"ನೀರು ಎಷ್ಟು ಬಿಸಿ?"

"ಕೋಳಿ ಮುಳುಗಿಸಿದ್ರೆ ಪುಕ್ಕ ಬಿಡ್ತದೆ ಮೇಡಂ," ಧೃತಿ.

ಡಾಕ್ಟರ್ ಪೆನ್ನು ಕೆಳಗಿಟ್ಟರು. ನರ ವಯರಿನ ಹಾಗೆ. ಲೀಷನ್ ಆದಲ್ಲಿ ಮೇಲಿನ ಕವರ್ ಹೋಗಿದೆ. ಮೈ ಬಿಸಿಯಾದರೆ ಅಲ್ಲಿ ಕರೆಂಟು ಸರಿಯಾಗಿ ದಾಟುವುದಿಲ್ಲ, ತಣಿದರೆ ದಾಟುತ್ತದೆ — ಹೀಗೆ ಹೇಳಿದರು. ಕೈಕಾಲು, ಕಣ್ಣು ಎಲ್ಲ ಪರೀಕ್ಷೆ ಮಾಡಿದರು. ಹೊಸದಾಗಿ ಏನೂ ಎದ್ದ ಹಾಗಿಲ್ಲವಂತೆ. ಮದ್ದು ಬಿಡಬಾರದು, ಬಿಸಿನೀರು ಬೇಡ, ಕೂತು ತಣ್ಣೀರಲ್ಲಿ ಸ್ನಾನ ಮಾಡಬೇಕಂತೆ. ಜೋಮು ಸ್ವಲ್ಪ ಉಳಿದರೂ ಉಳಿಯಬಹುದು.

"ಬಲೆ ಕಟ್ಟಬಹುದಾ?"

"ನೆರಳಲ್ಲಿ ಕೂತು ಕಟ್ಟಿ ನೋಡಿ."

ರೋಗ ಏರಿದ್ದಲ್ಲ! ಆದರೆ ಅಮ್ಮನಿಗೆ ಹೇಗೆ ಹೇಳುವುದು? ಬಸ್ಸು ನಮ್ಮೂರು ಕಾಪು ಮುಟ್ಟುವವರೆಗೂ ಅದೇ ಚಿಂತೆ.

ಜುಲೈ 20

ಹೇಳಿದೆವು. ಅಮ್ಮ ಹಂಡೆಯಿಂದ ಸೊಪ್ಪು ತೆಗೆದು ತೆಂಗಿನ ಬುಡಕ್ಕೆ ಹಾಕಿದಳು. ಆಮೇಲೆ —

"ನಾನೇ ನಿನ್ನ ಕಾಲು ಸೋಲಿಸಿದ್ದಾ ಮಗಾ?"

"ಸೋತದ್ದು ಪ್ರತಿ ಸಲ ಎದ್ದಿತಲ್ಲಮ್ಮ."

ತಣ್ಣೀರು ಮಾತ್ರ ಅವಳ ಕೈಯಿಂದ ಹೊಯ್ಯಲಾಗುವುದಿಲ್ಲವಂತೆ. ಕಾಯಿಲೆಯ ಮೈಗೆ ತಣ್ಣೀರಾ! "ಬೇಕಾದ್ರೆ ನೀನೇ ಹೊಯ್ದುಕೊ."

ಅಷ್ಟೇ ಬೇಕಿತ್ತು. ಸ್ಟೂಲು ಎಳೆದುಕೊಂಡೆ. ಬಚ್ಚಲಿಗೆ ಒಳಗಿನಿಂದ ಚಿಲಕ ಹಾಕಿದೆ.

ಜುಲೈ 29

ಕಿಟ್ಟಣ್ಣ ಹರಿದ ಬಲೆ ತಂದು ಜಗಲಿಯಲ್ಲಿ ಹಾಕಿದರು. ಬೆರಳಿಗೆ ಗೊತ್ತಾಗದ್ದನ್ನು ಕಣ್ಣಲ್ಲಿ ನೋಡಿ ಕಟ್ಟಿದೆ. ನಿಧಾನ. ಜಾರಿದ ಗಂಟು ಬಿಚ್ಚಿ ಮತ್ತೆ ಕಟ್ಟಿದೆ. ಅವರು ಒಂದೊಂದೇ ಎಳೆದು ನೋಡಿದರು. ಹೊಸ ಬಲೆಯ ಹಾಗೆ ಆಗುವುದಿಲ್ಲ, ಕಟ್ಟಿದಲ್ಲಿ ಗಂಟು ಸಿಗುತ್ತದೆ. ಮೀನು ನುಸುಳುವುದಿಲ್ಲ. ಸಾಕು.

"ಬೇರೆ ಜನ?" ಕೇಳಿದೆ.

"ಯಾವ ಜನ ಮಾರಾಯ?" ಎಂದು ಹೊರಟೇ ಹೋದರು.

ಆಗಸ್ಟ್ 2, ಮಲ್ಪೆ ಬಂದರಿನ ಧಕ್ಕೆ

ಬೋಟಿನ ನೆರಳಲ್ಲಿ ಕೂತು ಬರೆಯುತ್ತಿದ್ದೇನೆ. ಕುತ್ತಿಗೆಗೆ ಮೈ ಒರೆಸುವ ಬೈರಾಸು, ಒದ್ದೆ ಮಾಡಿದ್ದು. ಹೊರಡುವಾಗ ಅಮ್ಮ ಕೊಟ್ಟದ್ದು. ತಣ್ಣೀರಲ್ಲಿ ಅದ್ದಿ ಹಿಂಡಿದ್ದೂ ಅವಳೇ — ಮುಖ ಆಚೆ ತಿರುಗಿಸಿ.

ಕಿಟ್ಟಣ್ಣ ಕೂಗುತ್ತಿದ್ದಾರೆ, ಬಲೆಯ ತುದಿ ಹಿಡಿಯಬೇಕಂತೆ. ಎದ್ದು ನಿಂತೇ ಬರೆಯುತ್ತಿದ್ದೇನೆ. ಕಾಲು ನಿಂತಿದೆ. ಪೆನ್ನು ಕಿಸೆಗೆ...