ಗಿಮ್ಲೆಟ್ ಕಥೆಯ ಹಡಗು

ಗುರುವೇ, ಭೋಜಣ್ಣಾ,

ನಿಮ್ಮೆದುರು ನಿಂತು ಹೇಳಬೇಕಿದ್ದ ಮಾತೊಂದನ್ನು ನೀವು ಹೋದ ನಾಲ್ಕು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಎರಡು ವರ್ಷ ನಾನು ನಿಮಗೆ ಮೋಸ ಮಾಡಿದೆ. ಬೈಯುವುದಿದ್ದರೆ ಪೂರ್ತಿ ಓದಿದ ಮೇಲೆ ಬೈಯಿರಿ. ನಿಮ್ಮ ಬೈಗುಳ ನನಗೇನು ಹೊಸದೇ?

ನಾನು ಮೊದಲು ಪುಣೆ ಕ್ಯಾಂಪಿನ ಆ ಹಳೇ ರೆಸ್ಟೋರೆಂಟಿನ ಬಾರ್ ಕೌಂಟರಿಗೆ ಬಂದ ದಿನ ನಿಮಗೆ ನೆನಪಿರಬಹುದು. ಧಾರವಾಡದ ಕಡೆಯವರ ಮನೆ ಹುಡುಗಿ ಬಾಟಲಿ ಹಿಡಿಯುತ್ತಾಳಂತೆ ಎಂದು ಅಡುಗೆಮನೆಯವರೆಲ್ಲ ಇಣುಕಿ ನೋಡಿದ್ದರು. ಅವ್ವ ಇವತ್ತಿಗೂ ನೆಂಟರೆದುರು, "ನಮ್ಮ ಸುಮಾ ಹೊಟೇಲಿನ್ಯಾಗ ಶರಬತ್ ನೋಡ್ಕೋತಾಳ್ರಿ" ಎಂದೇ ಹೇಳುವುದು. ನೀವು ಮಾತ್ರ ಏನೂ ಕೇಳದೆ ಕೈಗೊಂದು ನಿಂಬೆಹಣ್ಣು ಕೊಟ್ಟು, "ಸಿಪ್ಪೆ ತೆಗಿ. ಬಿಳಿ ಬಂದ್ರೆ ಕಹಿ ಆಗ್ತದೆ. ಬಿಳಿ ಬರ್ಬಾರ್ದು ಮಾರಾಯ್ತಿ" ಅಂದಿರಿ. ಅಷ್ಟೇ ನಿಮ್ಮ ಸಂದರ್ಶನ.

ನೀವು ಗಿಮ್ಲೆಟ್ ಮಾಡುವುದನ್ನು ಆ ವಾರವೇ ನೋಡಿದೆ. ನಿಂಬೆ ಸಿಪ್ಪೆಯನ್ನು ಸಕ್ಕರೆಯಲ್ಲಿ ಕಿವುಚಿ, ಸಕ್ಕರೆ ಒದ್ದೆಯಾಗುವವರೆಗೆ ಮುಚ್ಚಿಟ್ಟು, ಆಮೇಲೆ ರಸ ಹಿಂಡಿ ಸೋಸುವುದು. ಆ ನಿಂಬೆ ಪಾಕ ಒಂದು ಪಾಲು, ಜಿನ್ ಎರಡು ಪಾಲು, ಐಸ್ ಹಾಕಿ ಕೈ ಕೊರೆಯುವವರೆಗೆ ಕುಲುಕುವುದು. ಕುಲುಕುತ್ತಲೇ ಕಥೆ. ತಿಂಗಳುಗಟ್ಟಲೆ ಸಮುದ್ರದಲ್ಲಿದ್ದ ಇಂಗ್ಲಿಷ್ ನಾವಿಕರ ವಸಡಿನಲ್ಲಿ ರಕ್ತ ಬರುತ್ತಿತ್ತು. ಹಡಗಿನ ವೈದ್ಯ ನಿಂಬೆ ರಸ ಕೊಟ್ಟರೆ ಮುಖ ತಿರುಗಿಸಿದರು. ಜಿನ್ನಿಗೆ ಬೆರೆಸಿ ಕೊಟ್ಟ, ಸಾಲು ನಿಂತು ಕುಡಿದರು, ಹಡಗು ದಡ ಸೇರಿತು. ಗ್ಲಾಸು ಗಿರಾಕಿಯ ಮುಂದೆ ಬರುವುದೂ ಹಡಗು ದಡಕ್ಕೆ ಬರುವುದೂ ಒಟ್ಟಿಗೇ. ಜಿನ್ ಟಾನಿಕ್ ಕೇಳಿದವರಿಗೆ, ಮಲೇರಿಯಾದ ಕಹಿ ಔಷಧಿಯನ್ನು ಜಿನ್ನಿನ ಜೊತೆ ನುಂಗಿದ ಗೋರಾ ಸಿಪಾಯಿಗಳ ಕಥೆ. ಅವರೆಲ್ಲ ಇದೇ ಕ್ಯಾಂಪಿನ ದಂಡಿನವರು ಎಂದು ನೀವೇ ಸೇರಿಸುತ್ತಿದ್ದಿರಿ. ನಿಜವೋ ಸುಳ್ಳೋ, ನನಗಂತೂ ಆ ಕಥೆಗಳ ಮೇಲೆ ಪ್ರೀತಿಯಿರಲಿಲ್ಲ. ಕೆಲಸ ಮಾಡುವವರಿಗೆ ಇಷ್ಟು ಮಾತೇಕೆ ಅನ್ನಿಸುತ್ತಿತ್ತು.

ಪುಣೆಯ ನಿಂಬೆಹಣ್ಣನ್ನು ನಂಬಬಾರದು ಎಂದು ನೀವು ಹೇಳುತ್ತಿದ್ದುದು ನೆನಪಾಗುತ್ತದೆ. ಬೇಸಿಗೆಯಲ್ಲಿ ಹುಳಿ, ಮಳೆಗಾಲದಲ್ಲಿ ನೀರು. ಅದಕ್ಕೇ ಅಳತೆ ಕಪ್ಪು ನಿಮಗೆ ಸೇರುತ್ತಿರಲಿಲ್ಲ, ನಾಲಿಗೆಯೇ ಅಳತೆ. ಜೀವಮಾನದಲ್ಲಿ ಒಂದು ಗ್ಲಾಸು ಕುಡಿಯದವರು ನೀವು. ಸ್ಟ್ರಾ ಅದ್ದಿ, ಮೇಲೆ ಬೆರಳು ಮುಚ್ಚಿ, ಒಂದೇ ಹನಿಯನ್ನು ಮುಂಗೈಗೆ ಬಿಟ್ಟು ನೆಕ್ಕಿ, "ಸರಿ ಉಂಟು" ಅನ್ನುತ್ತಿದ್ದಿರಿ. ಆಮೇಲೆ ಗ್ಲಾಸು ನನ್ನ ಬದಿಗೆ ಬರುತ್ತಿತ್ತು, ನಿಂಬೆ ಸಿಪ್ಪೆಯ ಎಳೆ ಇಡಲಿಕ್ಕೆ. ಅದಕ್ಕಿಂತ ಹೆಚ್ಚು ಮುಟ್ಟುವಂತಿಲ್ಲ. "ನಾನು ಸರಿ ಉಂಟು ಅಂದ ಗ್ಲಾಸಿಗೆ ಇನ್ನೊಬ್ರ ಚಮಚ ಬೀಳ್ಬಾರ್ದು. ಬಿದ್ರೆ ನಾನು ಇಲ್ಲಿ ಯಾಕೆ ನಿಲ್ಬೇಕು?" ಆ ಮಾತನ್ನು ನೀವು ತಮಾಷೆಗೆ ಹೇಳಿದ್ದಲ್ಲ.

ಕೊರೋನಾ ಬಂದು ಹೋಗಿ ಬಾರ್ ಮತ್ತೆ ತೆರೆದ ಮೊದಲ ವಾರವೇ ಅದು ನಡೆದದ್ದು. ನೀವು ಜ್ವರದಿಂದ ಎದ್ದು ಬಂದಿದ್ದಿರಿ. ಆ ಮಧ್ಯಾಹ್ನ ಪಾಕದ ಬಾಟಲಿ ಹುಳಿತು ಹೋಗಿತ್ತು, ಮುಚ್ಚಳ ತೆಗೆದರೆ ಮಾರು ದೂರಕ್ಕೆ ವಾಸನೆ. ನೀವು ಹನಿ ನೆಕ್ಕಿ, "ಸರಿ ಉಂಟು" ಅಂದಿರಿ. ಜ್ವರ ನಿಮ್ಮ ಮೂಗು, ನಾಲಿಗೆ ಎರಡನ್ನೂ ಕೊಂಡೊಯ್ದಿತ್ತು, ಆದರೂ ಕೈ ಮಾತ್ರ ಅದೇ ಠೀವಿಯಲ್ಲಿ… ಆ ವಾರವೇ ಮಾಲೀಕರು ಕಣ್ಣು ಮಂಜಾದ ತಂದೂರಿಯವನನ್ನು ಊರಿಗೆ ಕಳಿಸಿದ್ದರು. ನಲವತ್ತು ವರ್ಷ ಅದೇ ಕೌಂಟರಿನ ಹಿಂದೆ ನಿಂತ ನಿಮ್ಮನ್ನು ಅಲ್ಲಿಂದ ಇಳಿಸಿದರೆ ಏನಾಗುತ್ತಿದ್ದಿರಿ? ಬಾಟಲಿ ಕೈ ಜಾರಿತು ಎಂದು ಸುಳ್ಳು ಹೇಳಿ ಒಡೆದು ಹಾಕಿದೆ. ನೀವು ಬೈದಿರಿ. ಮರುದಿನದಿಂದ ಸಿಪ್ಪೆ ಇಡುವ ನೆಪದಲ್ಲಿ ನಾನೂ ಒಂದು ಹನಿ ನೆಕ್ಕತೊಡಗಿದೆ. ಹುಳಿಯಾಗಿದ್ದರೆ ಒಂದು ಚಮಚ ಸಕ್ಕರೆ ಪಾಕ, ಸಿಹಿಯಾಗಿದ್ದರೆ ನಾಲ್ಕು ಹನಿ ನಿಂಬೆ. ನಿಮ್ಮದೇ ಉದ್ದ ಚಮಚದಿಂದ, ಸದ್ದಾಗದಂತೆ ತಿರುವಿ. ನೀವು ಒಂದು ಸಲ ತಿರುಗಿ ನೋಡಿಬಿಟ್ಟಿದ್ದರೆ?

ಮಾಲೀಕರು ತಮ್ಮ ದೊಡ್ಡ ಅತಿಥಿಯನ್ನು ನೇರ ಕೌಂಟರಿಗೇ ಕರೆತಂದ ಸಂಜೆಯನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಇಬ್ಬರೂ ನನ್ನ ಕೈಯೆದುರೇ ಕೂತರು. ನಿಮ್ಮ ಗಿಮ್ಲೆಟ್ ನನ್ನ ಬದಿಗೆ ಬಂತು. ನೆಕ್ಕಿದೆ, ಬರೀ ಹುಳಿ. ಮಾಲೀಕರ ಕಣ್ಣು ಗ್ಲಾಸಿನ ಮೇಲೇ ಇತ್ತು. ನೀವೋ, ನಾವಿಕರನ್ನು ಬಿರುಗಾಳಿಗೆ ಸಿಕ್ಕಿಸಿ ನಿಂತಿದ್ದಿರಿ.

"ಭೋಜಣ್ಣ, ಕಥೆ ಸಾಕು ಮಾರಾಯ್ರೇ, ಗ್ಲಾಸ್ ಕೊಡಿ" ಅಂದರು ಮಾಲೀಕರು.

"ಕೊಡುವ ಧಣಿ. ಅದಕ್ಕೆ ಮೊದಲು ಹಿಂದೆ ಗೋಡೆ ನೋಡಿ. ಆ ಚಿತ್ರದಲ್ಲಿ ಉಂಟಲ್ಲ, ಅಂಥದ್ದೇ ಹಡಗು. ಪಟ ಎಷ್ಟುಂಟು, ಲೆಕ್ಕ ಹಾಕಿ ನೋಡುವ."

ಇಬ್ಬರೂ ತಿರುಗಿದರು. ನಾನು ಪಾಕ ಹಾಕಿ ತಿರುವಿದೆ. ನಿಮ್ಮ ಮಾತಿನ ಚಪಲಕ್ಕೆ ಮನಸ್ಸಿನಲ್ಲೇ ಕೈಮುಗಿದೆ. ಜ್ವರದ ನಂತರ ನಿಮ್ಮ ಕಥೆಗಳು ಹನುಮಂತನ ಬಾಲದಂತೆ ಬೆಳೆದಿದ್ದವಲ್ಲ, ವಯಸ್ಸಾಯಿತು, ಮಾತು ಹೆಚ್ಚಾಯಿತು ಎಂದೇ ನಾವೆಲ್ಲ ಅಂದುಕೊಂಡಿದ್ದು.

ನೀವು ಕೆಲಸ ಬಿಟ್ಟ ದಿನ ಮಾಲೀಕರು ಶಾಲು ಹೊದಿಸಿ, "ಇವರ ಕೈಯಲ್ಲಿ ಒಂದು ದಿನವೂ ರುಚಿ ತಪ್ಪಲಿಲ್ಲ" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ತಲೆಯೆತ್ತಲಾಗಲಿಲ್ಲ. ಗುರುವಿನ ಗ್ಲಾಸಿಗೆ ಕೈ ಹಾಕಿದವಳು ನಾನು. ಹೇಳಿಬಿಡಬೇಕು ಎಂದು ಮೂರು ಸಲ ಫೋನ್ ಮಾಡಿದೆ, ಮೂರು ಸಲವೂ ನಿಮ್ಮ ಮನೆಯವರ, ನಮ್ಮ ಅಕ್ಕನ, ಆರೋಗ್ಯ ಕೇಳಿ ಇಟ್ಟೆ. ನಾಲ್ಕನೆಯ ಸಲ ಅಕ್ಕನೇ ಮಾಡಿದರು, ನೀವು ಇಲ್ಲ ಅಂತ.

ಈಗ ಇವತ್ತಿನ ಸುದ್ದಿ. ಮಧ್ಯಾಹ್ನ ಕುಲಕರ್ಣಿ ಕಾಕಾ ಬಂದಿದ್ದರು, ಕೌಂಟರಿನ ಮೂಲೆಯಲ್ಲಿ ಕೂತು ಒಂದೇ ಗಿಮ್ಲೆಟ್ಟನ್ನು ಎರಡು ತಾಸು ಕುಡಿಯುವ ಹುಬ್ಬಳ್ಳಿಯ ಮುದುಕರು. ನಾನು ಕಥೆಯನ್ನು ಎರಡು ಮಾತಿನಲ್ಲಿ ಮುಗಿಸಿ ಗ್ಲಾಸು ಇಟ್ಟೆ.

"ಏನವಾ, ನಿನ್ನ ಹಡಗ ಭಾಳ ಲಗೂನ ಮುಟ್ಟತು?"

"ಭೋಜಣ್ಣಗ ವಯಸ್ಸಾಗಿತ್ರಿ ಕಾಕಾ. ಅದಕ್ಕ ಅಷ್ಟು ಮಾತು."

"ವಯಸ್ಸಲ್ಲ, ನಿನ್ನ ತಲಿ. ನಾ ಈ ಮೂಲ್ಯಾಗ ಕುಂತು ದಿನಾ ನೋಡೇನಿ. ಬಾಯಿ ಗಿರಾಕಿ ಕೂಡ ಮಾತಾಡ್ತಿತ್ತು, ಓರೆಗಣ್ಣು ನಿನ್ನ ಕೈ ಮ್ಯಾಲಿತ್ತು. ನೀ ಚಮಚಾ ಕೆಳಗ ಇಟ್ಟ ಮ್ಯಾಲೇ ಅವನ ಹಡಗ ದಡಕ್ಕ ಬರ್ತಿತ್ತು. ನೀ ತಡಾ ಮಾಡಿದ್ರ ಮತ್ತೊಂದು ಬಿರುಗಾಳಿ ತರ್ತಿದ್ದ."

ಭೋಜಣ್ಣಾ, ಪೂರ್ತಿ ಎರಡು ವರ್ಷ? ಹೊರಡುವ ದಿನ ಆ ಉದ್ದ ಚಮಚ ನನಗೆ ಕೊಟ್ಟು, "ನಿನ್ನ ಕೈಗೆ ಒಗ್ಗಿದೆ ಇದು" ಅಂದಾಗ ನಾನು ಹೆದರಿದ್ದೆ, ನಿಮಗೆ ತಿಳಿದುಬಿಟ್ಟಿತೋ ಎಂದು. ನೀವು ನಕ್ಕಿರಿ. ನಾನು ನಿಮ್ಮ ಮಾನ ಕಾಯುತ್ತಿದ್ದೇನೆ ಎಂಬ ಜಂಬದಲ್ಲಿದ್ದೆ. ನಿಮ್ಮ ನಿಯಮವನ್ನು ನೀವೇ ಮುರಿದುಕೊಂಡು, ನನಗೆ ನಾಚಿಕೆಯಾಗದಿರಲಿ ಎಂದು ಹಡಗನ್ನು ಸಮುದ್ರದಲ್ಲೇ ತಿರುಗಿಸುತ್ತಿದ್ದಿರಲ್ಲ… ಕಾಕಾ ಎದುರೇ ಅತ್ತುಬಿಟ್ಟೆ. ಅವರು ಪಾಪ ಗ್ಲಾಸು ಸರಿಸಿ ಕರವಸ್ತ್ರ ಕೊಟ್ಟರು.

ನಾಳೆ ಕಾಕಾ ಮತ್ತೆ ಬರುತ್ತಾರೆ. ಎರಡು ಮಾತಿನಲ್ಲಿ ಮುಗಿಸುವುದಿಲ್ಲ ಎಂದು ನಿಮಗೆ ಮಾತು ಕೊಡುತ್ತೇನೆ. ವಸಡಿನ ರಕ್ತ, ವೈದ್ಯ, ಬಿರುಗಾಳಿ ಎಲ್ಲ ಹೇಳುತ್ತೇನೆ. ಗ್ಲಾಸು ಸರಿಯಾಗಿದ್ದರೂ, ಸಿಪ್ಪೆ ಇಟ್ಟಾಗಿದ್ದರೂ, ಹಡಗನ್ನು ಇನ್ನೂ ಸ್ವಲ್ಪ ಹೊತ್ತು ಸಮುದ್ರದಲ್ಲೇ ನಿಲ್ಲಿಸಿಕೊಳ್ಳುತ್ತೇನೆ.

ನಿಮ್ಮ ಗ್ಲಾಸಿಗೆ ಚಮಚ ಹಾಕಿದವಳು,
ಸುಮಾ